ಹಳೆಯ ಯಂತ್ರಕ್ಕೆ ಹೊಸ ಲೇಪ

ಹಳೆಯದಾದ ಒಂದು ವಸ್ತುವಿಗೆ ಹೊಸ ಲೇಪವನ್ನು ಬಳಿಯುವದು ಸತ್ಯಕ್ಕೆ ಒಪ್ಪುವ ಕೆಲಸವೋ, ಅಲ್ಲವೋ? ಈ ಪ್ರಶ್ನೆಯನ್ನು ಕೇಳಿದ ಕೂಡಲೆ ಕೆಲವರು, ಇದು ಕೆಲಸವಿಲ್ಲದವರ ಚರ್ಚೆಯೆಂದು ನಗಬಹುದು. ಆದರೆ ಹಳೆಯ ರೇಡಿಯೋಗಳನ್ನು ದುರಸ್ತು ಮಾಡಿ ಜೀವನ ಸಾಗಿಸುವವನಿಗೂ, ತಂದೆಯ ಕಾಲದ ರೇಡಿಯೋವನ್ನು ಅಟ್ಟದಿಂದ ಇಳಿಸಿ ಮಕ್ಕಳಿಗೆ ತೋರಿಸಬೇಕೆಂದಿರುವವನಿಗೂ ಇದು ಕೈಕೆಲಸಕ್ಕೂ ಮನಸ್ಸಾಕ್ಷಿಗೂ ಸೇರಿದ ಪ್ರಶ್ನೆಯಾಗಿದೆ. ಒಂದೇ ಕುಂಚವು ವಸ್ತುವನ್ನು ಕಾಪಾಡಲೂಬಹುದು, ಅದರ ವಿಷಯವಾಗಿ ಸುಳ್ಳುಸಾಕ್ಷಿ ಹೇಳಲೂಬಹುದು. ಹಾಗಾದರೆ ಭೇದವು ಎಲ್ಲಿದೆ? ಪ್ರಿಯ ವಾಚಕರೇ, ಇದನ್ನು ಸಾವಕಾಶವಾಗಿ ವಿಚಾರಿಸೋಣ.

ಈ ಮಾತನ್ನು ಬಾಗಲಗುಂಟೆಯಲ್ಲಿದ್ದುಕೊಂಡು ಬರೆಯುವದಕ್ಕೆ ನಮಗೆ ಕಾರಣವುಂಟು. ಒಂದು ಕಾಲದಲ್ಲಿ ಇದು ಹಳ್ಳಿ. ಈಗ ಬೆಂಗಳೂರು ಪಟ್ಟಣವು ಬೆಳೆದು ಬಂದು ಇದನ್ನು ತನ್ನೊಳಗೆ ಸೇರಿಸಿಕೊಂಡಿದೆ. ನೆರೆಯ ಜಾಲಹಳ್ಳಿಯಲ್ಲಿ 1954ನೆಯ ಇಸವಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಎಂಬ ಸರ್ಕಾರೀ ಕಾರ್ಖಾನೆಯು ಫ್ರಾನ್ಸ್ ದೇಶದ ಸಿ. ಎಸ್. ಎಫ್. ಎಂಬ ಕಂಪೆನಿಯ ಸಹಾಯದಿಂದ ಸ್ಥಾಪಿತವಾಯಿತು. 1956ರಲ್ಲಿ ಅಲ್ಲಿ ಸಂದೇಶ ಕಳುಹಿಸುವ ಉಪಕರಣಗಳ ತಯಾರಿಕೆಯು ಮೊದಲಾಯಿತು. 1961ರಲ್ಲಿ ರೇಡಿಯೋ ವಾಲ್ವುಗಳೂ, 1964ರಲ್ಲಿ ಆಕಾಶವಾಣಿಗೆ ಬೇಕಾದ ಪ್ರಸಾರಯಂತ್ರಗಳೂ ತಯಾರಾದವು. ಈ ಸೀಮೆಯ ಯಲಹಂಕದ ಬಳಿಯಲ್ಲಿಯೇ ದೂರದೇಶಗಳಿಗೆ ಕೇಳಿಸುವಂಥ 500 ಕಿಲೋವಾಟಿನ ಆಕಾಶವಾಣಿಯ ಪ್ರಸಾರಯಂತ್ರಗಳು 1994ರಲ್ಲಿ ಕೆಲಸಕ್ಕೆ ತೊಡಗಿದವು. ಆದದರಿಂದ ಬೆಂಗಳೂರಿನ ಈ ಭಾಗದವರಿಗೆ ರೇಡಿಯೋ ಎಂಬದು ಪರದೇಶದ ಅದ್ಭುತವಲ್ಲ. ನೆರೆಹೊರೆಯವರು ಬುತ್ತಿ ಕಟ್ಟಿಕೊಂಡು ಹೋಗಿ ಕೈಯಾರೆ ಮಾಡಿದ ವಸ್ತು.

ನಮ್ಮ ಕನ್ನಡ ನಾಡಿಗಂತೂ ರೇಡಿಯೋವಿನ ಸಂಬಂಧವು ಇನ್ನೂ ಹಳೆಯದು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟಿನ ಸಣ್ಣ ಯಂತ್ರವೊಂದನ್ನು ಇಟ್ಟು ಪ್ರಸಾರವನ್ನು ಮೊದಲುಮಾಡಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. ಒಂದು ಸಣ್ಣ ದೀಪದ ಬಲ್ಬಿಗೆ ಸಾಕಾಗುವಷ್ಟು ಶಕ್ತಿಯಿಂದ ಮಾತು ಮನೆಯಿಂದ ಮನೆಗೆ ಹಾರಿಹೋಯಿತು. ಆ ಕಾಲದಿಂದ ಮೊದಲುಗೊಂಡು ಈ ನಾಡಿಗೆ ಬಂದ ರೇಡಿಯೋಗಳಲ್ಲಿ ಎಷ್ಟೋ ಈಗ ಗುಜರಿಯ ಪಾಲಾಗಿವೆ. ಉಳಿದ ಕೆಲವು ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಪೇಟೆಗಳ ಮೂಲಕ ಕೈಯಿಂದ ಕೈಗೆ ಹೋಗಿ, ಹಳೆಯದನ್ನು ಪ್ರೀತಿಸುವವರ ಮನೆ ಸೇರುತ್ತವೆ. ಹೀಗೆ ಸೇರಿದಾಗ ಅವುಗಳ ಮೈಮೇಲೆ ತುಕ್ಕೂ ಬೂಷ್ಟೂ ಕಿಲುಬೂ ಕೂತಿರುತ್ತವೆ. ಆಗಲೇ ನಮ್ಮ ಪ್ರಶ್ನೆಯು ಹುಟ್ಟುವದು.

ಮೊದಲು ಲೇಪವೆಂದರೇನೆಂಬದನ್ನು ತಿಳಿದುಕೊಳ್ಳುವದು ಅವಶ್ಯ. ಹಳೆಯ ರೇಡಿಯೋವಿಗೆ ಮೂರು ಬಗೆಯ ಹೊದಿಕೆಗಳುಂಟು. ಮನೆಯಲ್ಲಿಡುವ ರೇಡಿಯೋವಿನ ಮರದ ಪೆಟ್ಟಿಗೆಗೆ ಅರಗಿನ ಪಾಲಿಶು ಅಥವಾ ಸೆಲ್ಯುಲೋಸಿನಿಂದ ಮಾಡಿದ ಲ್ಯಾಕರು ಒಂದು. ಸೈನ್ಯದ, ವಿಮಾನದ, ಹಡಗಿನ ರೇಡಿಯೋಗಳ ಲೋಹದ ಪೆಟ್ಟಿಗೆಗೆ ಬಣ್ಣ ಎರಡನೆಯದು. ಇದರಲ್ಲಿ ಸುಕ್ಕುಸುಕ್ಕಾಗಿ ಒಣಗುವ ಕಪ್ಪು ಬಣ್ಣವು ಬಹಳ ಹೆಸರಾದದ್ದು. ಮೇಲ್ಮೈ ಬೇಗ ಒಣಗಿ ಒಳಪದರವು ತಡವಾಗಿ ಒಣಗುವದರಿಂದ ಆ ಸುಕ್ಕು ಹುಟ್ಟುತ್ತದೆ. ಮೂರನೆಯದು ಕಣ್ಣಿಗೆ ಸುಲಭವಾಗಿ ಬೀಳದು: ಒಳಗಿನ ತಂತಿ, ಸುರುಳಿ, ಬೆಸುಗೆಗಳ ಮೇಲೆ ಬಳಿದಿರುವ, ಜೇನಿನ ಬಣ್ಣದ ತೆಳ್ಳಗಿನ ವಾರ್ನಿಷು. ಮೊದಲಿನ ಎರಡು ಹೊದಿಕೆಗಳಿಗೆ ಅಂದವೂ ರಕ್ಷಣೆಯೂ ಸೇರಿ ಉದ್ದೇಶವಾಗಿದ್ದರೆ, ಈ ಮೂರನೆಯದಕ್ಕೆ ರಕ್ಷಣೆಯೊಂದೇ ಉದ್ದೇಶ. ಪೆಟ್ಟಿಗೆಯೊಳಗಿನ ಕತ್ತಲಲ್ಲಿ ಅದನ್ನು ಮೆಚ್ಚುವವರು ಯಾರೂ ಇಲ್ಲ.

ಈ ಒಳಲೇಪದ ಚರಿತ್ರೆಯು ಕೇಳತಕ್ಕದ್ದು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ, ನ್ಯೂಗಿನಿ ಮೊದಲಾದ ಮಳೆಯ ಕಾಡುಗಳಲ್ಲಿ ಸೈನ್ಯಗಳು ಹೋರಾಡುತ್ತಿದ್ದಾಗ, ತಂಪು ದೇಶಗಳಲ್ಲಿ ಚೆನ್ನಾಗಿ ಮಾತಾಡುತ್ತಿದ್ದ ರೇಡಿಯೋಗಳು ಅಲ್ಲಿ ಬೇಗನೆ ಮೂಕವಾದವು. ಗುಂಡು ತಾಕದೆ, ಕೆಳಗೆ ಬೀಳದೆ, ಸುಮ್ಮನೆ ಇಟ್ಟಲ್ಲಿಯೇ ಕೆಟ್ಟುಹೋದವು. ಕಾರಣವೇನೆಂದು ಬಿಚ್ಚಿ ನೋಡಿದರೆ, ತಂತಿಗೆ ಸುತ್ತಿದ ಹತ್ತಿಯ ನೂಲಿನ ಮೇಲೆಯೂ, ಮೇಣದ ಮೇಲೆಯೂ, ಕಾಗದದ ಹಲಗೆಗಳ ಮೇಲೆಯೂ ಬೂಷ್ಟು ಬೆಳೆದಿತ್ತು. ಬೂಷ್ಟಿನ ಎಳೆಗಳು ನೀರನ್ನು ಹಿಡಿದಿಡುತ್ತವೆ. ಆ ನೀರಿನ ತೆಳುಪೊರೆಯ ಮೂಲಕ ವಿದ್ಯುತ್ತು ಹೋಗಬಾರದ ದಾರಿಯಲ್ಲಿ ಹರಿದುಹೋಗುತ್ತದೆ. ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯು ಕಿಲುಬು ಹಿಡಿದು ತುಂಡಾಗುತ್ತದೆ. ಬೇಕಾದ ಮಾತು ಬೇಕಾದ ಹೊತ್ತಿಗೆ ಬಾರದೆ ಹೋದರೆ ಕಾಡಿನಲ್ಲಿರುವ ದಂಡಿನ ಗತಿಯೇನಾದೀತು? ಗಾಯಗೊಂಡವನಿಗೆ ಸಹಾಯ ಕರೆಯುವದಕ್ಕೂ ಬಾಯಿ ಇಲ್ಲದಂತಾಗುತ್ತದೆ.

ಹೀಗಿರುವಲ್ಲಿ ಅಮೇರಿಕದ ಸೈನ್ಯದವರು ತೇವಕ್ಕೂ ಬೂಷ್ಟಿಗೂ ತಡೆಯಾಗುವ ಒಂದು ವಿಧಿಯನ್ನು ಏರ್ಪಡಿಸಿದರು. ರೇಡಿಯೋವನ್ನು ಬಿಚ್ಚಿ ಶುದ್ಧಿಮಾಡಬೇಕು. ಮುಟ್ಟಬಾರದ ಭಾಗಗಳಿಗೆ ಮರೆಕಟ್ಟಬೇಕು. ಬೆಚ್ಚನೆಯ ಗೂಡಿನಲ್ಲಿ ಗಂಟೆಗಟ್ಟಲೆ ಇಟ್ಟು ಒಳಗಿನ ತೇವವನ್ನು ಓಡಿಸಬೇಕು. ಆಮೇಲೆ ಬೂಷ್ಟನ್ನು ಕೊಲ್ಲುವ ಔಷಧ ಬೆರೆಸಿದ ವಾರ್ನಿಷನ್ನು ಪದರಪದರವಾಗಿ ಸಿಂಪಡಿಸಬೇಕು. ಕಡೆಯಲ್ಲಿ ಎಂ. ಎಫ್. ಪಿ. ಎಂಬ ಮೂರಕ್ಷರದ ಗುರುತನ್ನೂ, ಕೆಲಸ ಮಾಡಿದ ತಾರೀಖನ್ನೂ ಯಂತ್ರದ ಮೇಲೆ ಒತ್ತಬೇಕು. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಲಿ. ಮುಂದೆ ನಾವು ಅದಕ್ಕೆ ತಿರಿಗಿ ಬರುವೆವು.

ಆ ಯುದ್ಧಕ್ಕೂ ನಮ್ಮ ಬೆಂಗಳೂರಿಗೂ ನಿಕಟವಾದ ಸಂಬಂಧವಿತ್ತು. 1940ರಲ್ಲಿ ಇಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೇರಿಕದ ಸೈನ್ಯದ ವಿಮಾನಗಳನ್ನು ದುರಸ್ತು ಮಾಡುವ ಕೇಂದ್ರವಾಯಿತು. ಯುದ್ಧವು ತೀರಿದ ಮೇಲೆ ಮಿಕ್ಕ ಸಾಮಾನುಗಳು ದೇಶದಲ್ಲೆಲ್ಲಾ ಹರಾಜಾದವು. ಬೂಷ್ಟಿನ ಭಯವೂ ಯುದ್ಧದೊಂದಿಗೆ ಮುಗಿದುಹೋಗಲಿಲ್ಲ. ನಮ್ಮ ದೇಶದ ಸೈನ್ಯದ ಉಪಕರಣಗಳನ್ನು ಪರೀಕ್ಷಿಸುವ ನಿಯಮಾವಳಿಯಲ್ಲಿಯೂ ಬೂಷ್ಟಿನ ಪರೀಕ್ಷೆಗೆ ಸ್ಥಳವುಂಟು. ವರುಷಕ್ಕೆ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಆಗುಂಬೆಯೂ ನಮ್ಮ ನಾಡಿನಲ್ಲಿಯೇ ಇದೆಯಲ್ಲವೇ? ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪೆಟ್ಟಿಗೆಯೊಳಗಿನ ಪುಸ್ತಕಗಳೂ ಗೋಡೆಗೆ ತೂಗುಹಾಕಿದ ಚರ್ಮದ ಚೀಲವೂ ಏನಾಗುವವೆಂಬದನ್ನು ಅಲ್ಲಿಯವರೇ ಬಲ್ಲರು.

ಈಗ ಒಬ್ಬ ಕೆಲಸಗಾರನನ್ನು ಎಣಿಸಿಕೊಳ್ಳೋಣ. ಅವನ ಮೇಜಿನ ಮೇಲೆ ಇಂಥ ಒಂದು ರೇಡಿಯೋ ಬಂದಿದೆ. ಹೊರಗಿನ ಬಣ್ಣವು ಅಲ್ಲಲ್ಲಿ ಎದ್ದುಹೋಗಿದೆ. ಒಳಗಿನ ವಾರ್ನಿಷು ಕೆಲವು ಕಡೆ ಗಟ್ಟಿಯಾಗಿದೆ, ಕೆಲವು ಕಡೆ ಸಿಪ್ಪೆಯಾಗಿ ಉದುರುತ್ತಿದೆ. ಕೊಂಡುಕೊಳ್ಳುವವನು ಬಂದು, “ಅಯ್ಯಾ, ಇದು ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೆಯೇ ಕಾಣಬೇಕು, ಯಾರೂ ಮುಟ್ಟಿಲ್ಲವೆಂಬಂತೆ ಇರಬೇಕು, ಬೆಲೆಯ ಚಿಂತೆ ನಿನಗೆ ಬೇಡ” ಎನ್ನುತ್ತಾನೆ. ಕೆಲಸಗಾರನ ಪಕ್ಕದಲ್ಲಿ ಕೆಲಸ ಕಲಿಯುವ ಹುಡುಗನೊಬ್ಬನು ಕೂತಿದ್ದಾನೆ. ಮನೆಯಲ್ಲಿ ಬಾಡಿಗೆ ಕೊಡುವ ದಿನವು ಹತ್ತಿರವಾಗಿದೆ. ಇವನು ಏನು ಮಾಡಬೇಕು? ನಮ್ಮ ವಿಚಾರವೆಲ್ಲಾ ಈ ಒಬ್ಬನ ಕೈಗೆ ಉಪಯೋಗವಾಗದಿದ್ದರೆ ವ್ಯರ್ಥವೇ ಸರಿ.

ಮೊದಲನೆಯದಾಗಿ, ಹೊಸ ಲೇಪವೆಲ್ಲಾ ಸುಳ್ಳು ಎಂದು ಹೇಳುವವರ ಮಾತನ್ನು ನೋಡೋಣ. ಇವರ ಅಭಿಪ್ರಾಯವೇನಂದರೆ, ಕಾಲವು ಒಂದು ವಸ್ತುವಿಗೆ ಏನು ಮಾಡಿದೆಯೋ ಅದೇ ಅದರ ಸತ್ಯ. ತುಕ್ಕು ಹಿಡಿದಿದ್ದರೆ ಅದು ತುಕ್ಕು ಹಿಡಿದ ವಸ್ತುವೇ. ಅದನ್ನು ಮುಚ್ಚುವದು ಮುದುಕನು ತಲೆಗೆ ಕಪ್ಪು ಬಳಿದುಕೊಂಡು ಮದುವೆಗೆ ಹೆಣ್ಣು ಕೇಳುವದಕ್ಕೆ ಹೋದಂತೆ. ಈ ಮಾತಿನಲ್ಲಿ ಸಾರವುಂಟು. ಆದಾಗ್ಯೂ ಇದು ಪೂರ್ಣವಾದ ಮಾತಲ್ಲ. ನಮ್ಮ ಮನೆಗಳಲ್ಲಿದ್ದ ಹಿತ್ತಾಳೆಯ ಪಾತ್ರೆಗಳನ್ನು ನೆನಸಿರಿ. ಕಲಾಯಿಗಾರನು ಊರಿಗೆ ಬಂದು ಮರದ ಕೆಳಗೆ ತಿದಿ ಹೂಡಿ, ಪಾತ್ರೆಯನ್ನು ಕಾಯಿಸಿ, ನವಸಾಗರ ಹಾಕಿ, ತವರವನ್ನು ಬಟ್ಟೆಯಿಂದ ಒಳಗೆಲ್ಲಾ ಬಳಿದಾಗ, ಕಪ್ಪಾಗಿದ್ದ ಪಾತ್ರೆಯು ಬೆಳ್ಳಿಯಂತೆ ಹೊಳೆಯುತ್ತಿತ್ತು. ಆ ಕಲಾಯಿಯನ್ನು ಸುಳ್ಳೆಂದು ಯಾರಾದರೂ ಅಂದರೋ? ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿಸಾರು ಇಟ್ಟರೆ ಅದು ಕಿಲುಬಿ ವಿಷವಾಗುವದೆಂದು ಪ್ರತಿಯೊಬ್ಬ ತಾಯಿಗೂ ಗೊತ್ತಿತ್ತು. ಹಳೆಯ ಪಾತ್ರೆಯ ಗೌರವಕ್ಕಾಗಿ ಕಲಾಯಿ ಬೇಡವೆನ್ನುವವನು ಪಾತ್ರೆಯನ್ನೂ ಕಾಪಾಡಲಿಲ್ಲ, ಮಕ್ಕಳನ್ನೂ ಕಾಪಾಡಲಿಲ್ಲ.

ಆದಕಾರಣ ಲೇಪಗಳಲ್ಲಿ ಒಂದು ಜಾತಿಯುಂಟು. ಅದು ವಸ್ತುವಿನ ವೇಷವಲ್ಲ, ವಸ್ತುವಿನ ಕೆಲಸದ ಒಂದು ಭಾಗ. ಕಲಾಯಿಯಿಲ್ಲದೆ ಹಿತ್ತಾಳೆಯ ಪಾತ್ರೆಯು ಅಡಿಗೆಯ ಪಾತ್ರೆಯೇ ಅಲ್ಲ. ಹಾಗೆಯೇ ತೇವದ ಸೀಮೆಗಾಗಿ ಸಿದ್ಧಮಾಡಿದ ರೇಡಿಯೋವಿಗೆ ಆ ವಾರ್ನಿಷಿಲ್ಲದಿದ್ದರೆ, ಅದು ಮಾಡಿದವರು ಉದ್ದೇಶಿಸಿದ ಯಂತ್ರವೇ ಅಲ್ಲ. ಒಡೆದ ಲೇಪವನ್ನು ತಿರಿಗಿ ಕೊಡುವದು ಅದರ ಕೆಲಸವನ್ನು ತಿರಿಗಿ ಕೊಡುವದಾಗಿದೆ. ಆದರೆ ಇದೇ ಹೋಲಿಕೆಯಲ್ಲಿ ಎಚ್ಚರಿಕೆಯೂ ಉಂಟು. ತವರಕ್ಕೆ ಬೆಲೆ ಹೆಚ್ಚೆಂದು ಸೀಸವನ್ನು ಬೆರೆಸಿ ಬಳಿದರೆ, ಪಾತ್ರೆಯು ಒಳ್ಳೇ ಕಲಾಯಿಯಂತೆಯೇ ಹೊಳೆಯುತ್ತದೆ. ಉಂಡವರ ಮೈಗೆ ವಿಷ ಏರುತ್ತದೆ. ಆದದರಿಂದ ಹೊಳಪನ್ನು ನೋಡಿ ಒಳ್ಳೇದು ಕೆಟ್ಟದ್ದು ಎಂದು ತೀರ್ಪು ಹೇಳಕೂಡದು. ಲೇಪವು ಏನನ್ನು ಕಾಯುತ್ತದೆಂದು ಕೇಳಬೇಕು.

ಎರಡನೆಯದಾಗಿ, ಎಲ್ಲವನ್ನೂ ಕೆರೆದುಹಾಕಿ ಹೊಸದರಂತೆ ಮಾಡಬೇಕೆನ್ನುವವರ ಮಾತು. ಇವರಿಗೆ ನಾವು ಗಾಯದ ಕಲೆಗೂ ರೋಗಕ್ಕೂ ಇರುವ ಭೇದವನ್ನು ತೋರಿಸುವೆವು. ಚಿಕ್ಕಂದಿನಲ್ಲಿ ಕುಡುಗೋಲು ತಾಕಿದ ಕಲೆಯು ರೈತನ ಕೈಯಲ್ಲಿ ಸಾಯುವ ತನಕ ಇರುತ್ತದೆ; ಅದು ಅವನನ್ನು ತಿನ್ನುವದಿಲ್ಲ. ಹುಣ್ಣಾದರೋ ದಿನೇ ದಿನೇ ತಿನ್ನುತ್ತದೆ. ರೇಡಿಯೋವಿನ ಕಿವಿಯನ್ನು ತಿರುಗಿಸಿ ತಿರುಗಿಸಿ ಅದರ ಸುತ್ತಲಿನ ಬಣ್ಣ ಸವೆದಿದ್ದರೆ, ಅದು ಕಲೆ. ಎಷ್ಟೋ ರಾತ್ರಿ ಯಾರೋ ಒಬ್ಬನು ಆ ಜಾಗದಲ್ಲಿ ಬೆರಳಿಟ್ಟು ದೂರದ ಧ್ವನಿಯನ್ನು ಹುಡುಕಿದ್ದಕ್ಕೆ ಅದೇ ಸಾಕ್ಷಿ. ಅದನ್ನು ಬಣ್ಣದಿಂದ ಮುಚ್ಚಿದರೆ ಆ ಮನುಷ್ಯನ ಗುರುತು ಲೋಕದಿಂದ ಹೋಯಿತು. ಅವನ ಹೆಸರು ಬೇರೆ ಎಲ್ಲಿಯೂ ಬರೆದಿರುವದಿಲ್ಲ. ಆದರೆ ಮೂಲೆಯಲ್ಲಿ ಕಬ್ಬಿಣವನ್ನು ತಿನ್ನುತ್ತಿರುವ ತುಕ್ಕೂ, ಸುರುಳಿಯ ಮೇಲೆ ಹರಡುತ್ತಿರುವ ಬೂಷ್ಟೂ ಹುಣ್ಣುಗಳು. ಅವುಗಳನ್ನು ಪುರಾತನದ ಅಂದವೆಂದು ಹೊಗಳಿ ಸುಮ್ಮನಿರುವದು ದಯೆಯಲ್ಲ, ಉದಾಸೀನವೇ. ನಿಂತುಹೋದದ್ದನ್ನು ಇರಗೊಡಿಸಬೇಕು, ತಿನ್ನುತ್ತಿರುವದನ್ನು ತಡೆಯಬೇಕು. ಕೆಲಸಗಾರನಿಗೆ ಇಷ್ಟು ಸೂತ್ರವು ಸಾಕೆಂದು ನಮಗೆ ತೋರುತ್ತದೆ.

ಕೆರೆದುಹಾಕುವವರು ಮರೆಯುವ ಇನ್ನೊಂದು ಸಂಗತಿಯುಂಟು. ಲೇಪಗಳೆಲ್ಲಾ ಒಂದೇ ಸ್ವಭಾವದವುಗಳಲ್ಲ. ಚನ್ನಪಟ್ಟಣದ ಬೊಂಬೆ ಮಾಡುವವರು ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ; ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅದೇ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿದರೆ ಮರದ ಪೆಟ್ಟಿಗೆಯ ಪಾಲಿಶಾಗುತ್ತದೆ. ವರುಷಗಳು ಕಳೆದ ಮೇಲೂ ಸ್ಪಿರಿಟು ತಾಕಿದರೆ ಅದು ಸಾಮಾನ್ಯವಾಗಿ ತಿರಿಗಿ ಕರಗುವದು. ಹೀಗಿರುವದರಿಂದ ಹೊಸ ಅರಗು ಹಳೆಯ ಅರಗಿನೊಂದಿಗೆ ಒಂದಾಗಿ ಬೆರೆಯುತ್ತದೆ. ಹಳೆಯದನ್ನು ಕೊಲ್ಲದೆ ಅದಕ್ಕೆ ಬಲ ಕೊಡಬಹುದು. ಸೆಲ್ಯುಲೋಸಿನ ಲ್ಯಾಕರೂ ತನ್ನ ತಿನ್ನರಿನಲ್ಲಿ ಇದೇ ರೀತಿ ಕರಗುವದು. ಆದರೆ ಯುದ್ಧಕಾಲದ ಎಣ್ಣೆಯ ವಾರ್ನಿಷು ಹಾಗಲ್ಲ. ಅದು ಒಣಗುವಾಗ ತನ್ನೊಳಗೆ ಮಾರ್ಪಟ್ಟು ಗಟ್ಟಿಯಾಗುತ್ತದೆ, ಸುಲಭವಾಗಿ ಕರಗದು. ಅದನ್ನು ತೆಗೆಯಬೇಕೆಂದು ತೀಕ್ಷ್ಣವಾದ ರಸಗಳನ್ನು ಹಾಕಿದರೆ ನೂಲಿನ ಹೊದಿಕೆಯೂ ಅಕ್ಷರಗಳೂ ಬಣ್ಣದ ಗುರುತುಗಳೂ ಅದರೊಂದಿಗೆ ಅಳಿದುಹೋಗುವವು. ಕಳೆಯನ್ನು ಕೀಳುವದಕ್ಕೆ ಹೋಗಿ ಪೈರನ್ನೂ ಕಿತ್ತಂತೆ. ಆದಕಾರಣ ಗಟ್ಟಿಯಾಗಿ ಕೂತಿರುವ ಹಳೆಯ ವಾರ್ನಿಷನ್ನು ಬಿಟ್ಟು, ದುರಸ್ತಿಗಾಗಿ ಒಡೆದ ಸ್ಥಳಕ್ಕೆ ಮಾತ್ರ ಹೊಸ ಲೇಪವನ್ನು ಕೊಡುವದೇ ವಿವೇಕ. ಆ ಹೊಸದೂ ಮುಂದಿನವನು ತೆಗೆಯಬಹುದಾದಂಥದ್ದಾಗಿರಲಿ. ದ್ರಾವಕಕ್ಕೆ ಕರಗುವ ಆಕ್ರಿಲಿಕ್ ಲೇಪಗಳು ಈಗ ದೊರೆಯುತ್ತವೆ. ನಮ್ಮ ಕೈಯ ಕೆಲಸವೇ ಕಡೆಯ ಕೆಲಸವೆಂದು ಎಣಿಸದಿರುವದು ಒಂದು ಬಗೆಯ ದೀನತೆ. ನಮಗಿಂತ ಹೆಚ್ಚು ಬಲ್ಲವನು ನಾಳೆ ಬರಬಹುದು. ಅವನಿಗೆ ಬಾಗಿಲನ್ನು ಮುಚ್ಚಬಾರದು.

ಲೇಪವನ್ನು ಎಲ್ಲಿ ಬಳಿಯಬಾರದೆಂಬದೂ ಅಷ್ಟೇ ಮುಖ್ಯ. ವಾಲ್ವು ಕೂರುವ ರಂಧ್ರಗಳಿಗೂ, ಸ್ವಿಚ್ಚಿನ ಲೋಹ ಲೋಹಕ್ಕೆ ತಾಕುವ ಜಾಗಕ್ಕೂ, ಒಂದರೊಳಗೊಂದು ತಿರುಗುವ ಕಂಡೆನ್ಸರಿನ ತಗಡುಗಳಿಗೂ ವಾರ್ನಿಷು ಬಿದ್ದರೆ ರೇಡಿಯೋ ಬಾಯಿ ಮುಚ್ಚುವದು. ಸುರುಳಿಗಳ ಮೇಲೆ ಬಳಿದರೆ ಅವುಗಳ ಶ್ರುತಿಯೇ ಸ್ವಲ್ಪ ಬದಲಾಗುವದರಿಂದ ಯಂತ್ರವನ್ನು ತಿರಿಗಿ ಹೊಂದಿಸಬೇಕಾಗುವದು. ಕಾಯುವದಕ್ಕೆಂದು ತಂದದ್ದು ಮಿತಿ ಮೀರಿದರೆ ಕಾಯಬೇಕಾದದ್ದನ್ನೇ ಮೂಕಮಾಡುತ್ತದೆ. ಮಗನಿಗೆ ಗಾಳಿ ತಾಕಬಾರದೆಂದು ಕಿಟಕಿಗಳನ್ನೆಲ್ಲಾ ಮುಚ್ಚಿದ ತಾಯಿಯ ಪ್ರೀತಿಯೂ ಹೀಗೆಯೇ.

ಮೂರನೆಯದಾಗಿ, ಮೂಲದಲ್ಲಿ ಇದ್ದದ್ದೇ ಬೇಕೆನ್ನುವವರ ಮಾತು. ಇವರು ಎರಡನೆಯವರಿಗಿಂತ ಸೂಕ್ಷ್ಮವಾದವರು. “ಅಂದದ್ದು ಯಾವ ವಾರ್ನಿಷೋ ಅದೇ ವಾರ್ನಿಷನ್ನು ಕೂಡಿಸಿ ಬಳಿಯೋಣ; ಒಂದು ಬಿಂದುವೂ ಬೇರೆಯಾಗದಿರಲಿ” ಎನ್ನುತ್ತಾರೆ. ಆದರೆ ಆ ವಾರ್ನಿಷಿನಲ್ಲಿ ಏನಿತ್ತು? ಬೂಷ್ಟನ್ನು ಕೊಲ್ಲುವದಕ್ಕಾಗಿ ಕೆಲವದರಲ್ಲಿ ಪಾದರಸದ ಸಂಯುಕ್ತವನ್ನೂ, ಕೆಲವದರಲ್ಲಿ ಪೆಂಟಾಕ್ಲೋರೋಫಿನಾಲ್ ಎಂಬ ವಿಷವನ್ನೂ ಬೆರೆಸುತ್ತಿದ್ದರು. ಬೂಷ್ಟನ್ನು ಕೊಲ್ಲುವದು ಮನುಷ್ಯನನ್ನು ಬಿಡುವದೋ? ಪಾದರಸದ ಕೇಡನ್ನು ತಡೆಯುವದಕ್ಕೆ 2013ರಲ್ಲಿ ಲೋಕದ ರಾಜ್ಯಗಳು ಮಿನಮಾಟ ಒಡಂಬಡಿಕೆಯನ್ನು ಮಾಡಿಕೊಂಡವು. ನಮ್ಮ ದೇಶವು 2018ರಲ್ಲಿ ಅದನ್ನು ಸ್ಥಿರಪಡಿಸಿತು. ಪೆಂಟಾಕ್ಲೋರೋಫಿನಾಲನ್ನು 2015ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ನಿಷೇಧದ ಪಟ್ಟಿಗೆ ಸೇರಿಸಿದರು. ಹಳೆಯ ವಾರ್ನಿಷಿನ ಮೇಲೆ ಬೆಸುಗೆಯ ಕಾದ ಕಬ್ಬಿಣವನ್ನಿಟ್ಟರೆ ಏಳುವ ಹೊಗೆಯನ್ನು ಸೇದಬಾರದು. ಹಳೆಯ ಬಣ್ಣಗಳಲ್ಲಿ ಸೀಸವೂ, ಕಬ್ಬಿಣದ ತಟ್ಟೆಗಳ ಮೇಲೆ ಕ್ಯಾಡ್ಮಿಯಮಿನ ಲೇಪವೂ ಇರುವದುಂಟು. ಅವುಗಳನ್ನು ಒಣಗಿದ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸುವದು ಅಪಾಯ. ಬಾಗಿಲು ತೆರೆದಿರಲಿ, ಗಾಳಿ ಆಡಲಿ, ಕೈಗೆ ಚೀಲ, ಬಾಯಿಗೆ ತಕ್ಕ ಮುಸುಕು ಇರಲಿ. ಕೆಲಸವಾದ ಮೇಲೆ ಕೈತೊಳೆಯದೆ ಊಟಕ್ಕೆ ಕೂರಬಾರದು. ನಾವು ಮೊದಲು ಹೇಳಿದ, ಕೆಲಸ ಕಲಿಯುವ ಹುಡುಗನನ್ನು ಇಲ್ಲಿ ಮರೆಯಬೇಡಿರಿ. ಯಂತ್ರದ ಮೂಲರೂಪಕ್ಕೆ ನಂಬಿಗಸ್ತರಾಗುವದಕ್ಕಾಗಿ ಆ ಹುಡುಗನ ಎದೆಗೆ ವಿಷ ತುಂಬುವದು ಯಾವ ನ್ಯಾಯ?

ಇಲ್ಲಿ ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಆ ವಾರ್ನಿಷನ್ನು ಮೊದಲು ಬಳಿದವರು ಪಾದರಸವನ್ನು ಪ್ರೀತಿಸಿ ಬಳಿಯಲಿಲ್ಲ. ದೂರದ ಕಾಡಿನಲ್ಲಿ ತಾವು ಎಂದೂ ಕಾಣದ ಒಬ್ಬನು ಕರೆದಾಗ ಆ ಕರೆ ತಲಪಬೇಕೆಂದು ಬಳಿದರು. ಅವರಿಗೆ ಆಗ ಗೊತ್ತಿದ್ದ ಉಪಾಯವು ಅದು. ಅವರ ಉದ್ದೇಶವನ್ನು ಉಳಿಸಿಕೊಂಡು ಉಪಾಯವನ್ನು ಬದಲಾಯಿಸುವವನು ಅವರಿಗೆ ದ್ರೋಹ ಮಾಡುವದಿಲ್ಲ. ಉಪಾಯವನ್ನು ಉಳಿಸಿಕೊಂಡು ಉದ್ದೇಶವನ್ನು ಮರೆಯುವವನೇ ದ್ರೋಹ ಮಾಡುವವನು. ಮಳೆ ಕಾಣದ ಗಾಜಿನ ಬೀರುವಿನೊಳಗೆ ಇಡುವದಕ್ಕಾಗಿ ವಿಷದ ಲೇಪವನ್ನು ಬಳಿಯುವದು ಯಾರನ್ನು ಕಾಯುವದಕ್ಕೆ? ತಂದೆಯ ನೇಗಿಲನ್ನು ಹಿಡಿದ ಮಗನು ಮುರಿದ ಈಸನ್ನು ಬದಲಾಯಿಸುತ್ತಾನೆ, ಸವೆದ ಕುಳವನ್ನು ಬದಲಾಯಿಸುತ್ತಾನೆ. ಆದರೂ ಇದು ನಮ್ಮಪ್ಪನ ನೇಗಿಲು ಎನ್ನುತ್ತಾನೆ. ಪೂರ್ವದಲ್ಲಿ ಗ್ರೀಕರೂ ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಿ, ಅದು ಅದೇ ಹಡಗೋ ಬೇರೆಯೋ ಎಂದು ವಾದಿಸುತ್ತಿದ್ದರಂತೆ. ರೈತನು ವಾದಿಸುವದಿಲ್ಲ. ಅದೇ ಹೊಲವನ್ನು ಉಳುತ್ತಿರುವ ತನಕ ಅದು ಅಪ್ಪನ ನೇಗಿಲೇ ಎಂಬದು ಅವನ ಉತ್ತರ. ಆದರೆ ಅದೇ ನೇಗಿಲನ್ನು ಸಂತೆಯಲ್ಲಿಟ್ಟು, “ಇದರ ಒಂದು ಚೂರೂ ಬದಲಾಗಿಲ್ಲ” ಎಂದು ಮಾರಿದರೆ, ಆ ಕ್ಷಣದಲ್ಲಿ ಸುಳ್ಳು ಹುಟ್ಟಿತು. ನೇಗಿಲು ಅದೇ, ಮಾತು ಮಾತ್ರ ಕೆಟ್ಟಿತು.

ನಾಲ್ಕನೆಯದಾಗಿ, ಈ ಮಾತಿನ ವಿಷಯವನ್ನೇ ನೋಡೋಣ. ಯಾಕಂದರೆ ನಮ್ಮ ಪ್ರಶ್ನೆಯ ಗಂಟು ಇಲ್ಲಿಯೇ ಇದೆ. ಕೆಲವರು, “ಕೇಳಿದರೆ ಹೇಳೋಣ, ಕೇಳದಿದ್ದರೆ ನಮಗೇನು? ಕೊಂಡವನು ಸಂತೋಷಪಟ್ಟನು, ಮಾರಿದವನು ಹೊಟ್ಟೆ ತುಂಬಿಸಿಕೊಂಡನು, ಯಾರಿಗೆ ನಷ್ಟ?” ಎನ್ನುವರು. ನಷ್ಟವು ಮೂವರಿಗೆ. ಕೊಂಡವನು ತಾನು ಕೊಟ್ಟ ಬೆಲೆಗೆ ಬೇರೊಂದನ್ನು ತೆಗೆದುಕೊಂಡು ಹೋದನು. ಮುಂದೆ ಇದೇ ಯಂತ್ರವನ್ನು ನೋಡಿ ಹಿಂದಿನವರ ಕೆಲಸವನ್ನು ಕಲಿಯಬೇಕೆಂದು ಬರುವವನು, ನಿನ್ನೆಯ ಬಣ್ಣವನ್ನು ಎಂಭತ್ತು ವರುಷದ ಬಣ್ಣವೆಂದು ನಂಬಿ ತಪ್ಪುಪಾಠ ಕಲಿತನು. ಮೂರನೆಯವನು ಆ ಕೆಲಸಗಾರನೇ. ಅವನ ಕೈಯಲ್ಲಿದ್ದ ನಿಜವಾದ ಜಾಣತನವು ಎಲ್ಲಿಯೂ ಹೆಸರಿಲ್ಲದೆ ಮಣ್ಣುಪಾಲಾಯಿತು, ಯಾಕಂದರೆ ತಾನು ಮಾಡಲಿಲ್ಲವೆಂದು ತೋರಿಸುವದಕ್ಕೇ ಅವನು ಅದನ್ನು ಉಪಯೋಗಿಸಿದನು. ಕಳ್ಳನು ತನ್ನ ಹೆಜ್ಜೆಯನ್ನು ಅಳಿಸುತ್ತಾನೆ. ಒಳ್ಳೇ ಕೆಲಸ ಮಾಡಿದವನು ಅಳಿಸಬೇಕಾದದ್ದೇನು?

ಹಳೆಯ ಕಟ್ಟಡಗಳನ್ನು ಕಾಪಾಡುವ ಪಂಡಿತರು 1964ರಲ್ಲಿ ವೆನಿಸ್ ಪಟ್ಟಣದಲ್ಲಿ ಕೂಡಿ ಒಂದು ನಿಬಂಧನೆಯನ್ನು ಮಾಡಿದರು. ಬಿದ್ದುಹೋದ ಭಾಗಕ್ಕೆ ಹೊಸದನ್ನು ಸೇರಿಸುವಾಗ ಅದು ಒಟ್ಟಿಗೆ ಹೊಂದಿಕೊಳ್ಳಬೇಕು. ಆದರೂ ಹಳೆಯದರಿಂದ ಬೇರೆಯೆಂದು ಗುರುತಿಸುವಂತಿರಬೇಕೆಂಬದು ಅದರ ಅಭಿಪ್ರಾಯ. ಇದು ದೊಡ್ಡವರ ಮಾತು. ಆದರೆ ಯುದ್ಧಕಾಲದ ಸಾಧಾರಣ ಕೆಲಸಗಾರರು ಇದಕ್ಕಿಂತ ಇಪ್ಪತ್ತು ವರುಷ ಮುಂಚೆಯೇ ಇದನ್ನು ನಡಿಸಿ ತೋರಿಸಿದ್ದರು. ವಾಚಕರು ನೆನಪಿನಲ್ಲಿಟ್ಟುಕೊಳ್ಳಲಿ ಎಂದು ನಾವು ಮೇಲೆ ಹೇಳಿದ ಮಾತು ಇದೇ. ಲೇಪವನ್ನು ಬಳಿದ ಮೇಲೆ ಅವರು ಅದರ ಗುರುತನ್ನೂ ತಾರೀಖನ್ನೂ ಒತ್ತಿದರು. ರೇಡಿಯೋ ಕಾರ್ಖಾನೆಯಿಂದ ಬಂದದ್ದು ಒಂದು ದಿನ; ಲೇಪವು ಬಿದ್ದದ್ದು ಇನ್ನೊಂದು ದಿನವಾಗಿರಬಹುದು. ಅದನ್ನು ಬಚ್ಚಿಡಲಿಲ್ಲ. ಮುಂದೆ ಇದನ್ನು ಬಿಚ್ಚುವವನು, ಇದಕ್ಕೆ ಏನು ಬಳಿದಿದೆ, ಯಾವಾಗ ಬಳಿದಿದೆ ಎಂದು ತಿಳಿದು ಕೆಲಸಮಾಡಲಿ ಎಂಬದೇ ಅದರ ತಾತ್ಪರ್ಯ.

ಹೀಗಿರುವಲ್ಲಿ ಮೂಲಕ್ಕೆ ನಂಬಿಗಸ್ತನಾಗಬೇಕೆಂದಿರುವವನು ಯಾವದನ್ನು ಅನುಸರಿಸಬೇಕು? ಹಳೆಯ ಮುದ್ರೆಯಂಥದೇ ಮುದ್ರೆಯನ್ನು ಕೆತ್ತಿಸಿ ಹಳೆಯ ತಾರೀಖನ್ನೇ ಒತ್ತಿದರೆ, ಅವನು ಅವರ ಅಕ್ಷರವನ್ನು ಹೋಲಿದನು, ಅವರ ಮನಸ್ಸನ್ನು ಕೆಡಿಸಿದನು. ಹಳೆಯ ಮುದ್ರೆಯನ್ನು ಇದ್ದಲ್ಲಿಯೇ ಬಿಟ್ಟು, ಅದರ ಪಕ್ಕದಲ್ಲಿ ಅಥವಾ ಒಳಗೆ ಅಂಟಿಸಿದ ಸಣ್ಣ ಚೀಟಿಯಲ್ಲಿ, ಇಂಥಾ ವರುಷ ಇಂಥಾ ಭಾಗಕ್ಕೆ ಇಂಥಾ ಲೇಪವನ್ನು ಕೊಟ್ಟಿದೆ, ಇಂಥಾ ತಂತಿಯನ್ನು ಬದಲಾಯಿಸಿದೆ ಎಂದು ಬರೆದರೆ, ಅವನೇ ಅವರ ನಿಜವಾದ ಶಿಷ್ಯನು. ಅಂಥ ರೇಡಿಯೋವಿನ ಮೇಲೆ ಎರಡು ಸಾಕ್ಷಿಗಳಿರುವವು, ಒಂದಕ್ಕೊಂದು ವಿರೋಧವಿರದು.

ಇನ್ನು ಆ ಕೆಲಸಗಾರನ ಸಂಗತಿಗೆ ಬರೋಣ. ಅವನು ಕೊಳ್ಳುವವನಿಗೆ ಹೀಗೆ ಹೇಳಲಿ: “ಸ್ವಾಮೀ, ತುಕ್ಕನ್ನು ತೆಗೆಯುತ್ತೇನೆ, ಬೂಷ್ಟನ್ನು ತೊಳೆಯುತ್ತೇನೆ, ಒಡೆದಲ್ಲಿ ಲೇಪ ಕೊಡುತ್ತೇನೆ, ಯಂತ್ರವು ಮಾತಾಡುವಂತೆ ಮಾಡುತ್ತೇನೆ. ಬೆರಳು ಸವೆದ ಜಾಗವನ್ನು ಮುಚ್ಚುವದಿಲ್ಲ. ಮಾಡಿದ್ದನ್ನೆಲ್ಲಾ ಚೀಟಿಯಲ್ಲಿ ಬರೆದು ಒಳಗಿಡುತ್ತೇನೆ. ಯಾರೂ ಮುಟ್ಟಿಲ್ಲವೆಂದು ಮಾತ್ರ ನನ್ನಿಂದ ಹೇಳಿಸಬೇಡಿ.” ಇದರಿಂದ ಒಂದು ವ್ಯಾಪಾರ ತಪ್ಪಿಹೋಗಬಹುದು. ಬಾಡಿಗೆಯ ದಿನವು ಹತ್ತಿರವಾಗಿರುವವನಿಗೆ ಇದು ಹಗುರವಾದ ಮಾತಲ್ಲವೆಂದು ನಾವು ಬಲ್ಲೆವು; ಹೊಟ್ಟೆ ತುಂಬಿದವರು ಹಸಿದವನಿಗೆ ಸತ್ಯವನ್ನು ಬೋಧಿಸುವದು ಸುಲಭ. ಆದದರಿಂದ ಕೊಳ್ಳುವವರಿಗೂ ಒಂದು ಮಾತು ಹೇಳುವೆವು: ಯಾರೂ ಮುಟ್ಟದ ಹಳೆಯ ವಸ್ತುವೇ ಬೇಕೆಂದು ಹಟಹಿಡಿದು ಹೆಚ್ಚು ಹಣ ಚಾಚುವವನು ಆ ಸುಳ್ಳಿಗೆ ಅರ್ಧ ಪಾಲುಗಾರನು. ಒಳ್ಳೇ ದುರಸ್ತಿಗೆ ದುರಸ್ತಿಯೆಂದೇ ತಕ್ಕ ಬೆಲೆ ಕೊಡಿರಿ. ಆಗ ಕೆಲಸಗಾರನಿಗೆ ಸುಳ್ಳಿನ ಅವಶ್ಯಕತೆಯೇ ಇರದು.

ಇದೆಲ್ಲಾ ಪಟ್ಟಣದ ಹಣವಂತರ ಹವ್ಯಾಸ, ಹಳ್ಳಿಯವರಾದ ನಮಗೇಕೆ ಎಂದು ಯಾರಾದರೂ ಕೇಳುವದಾದರೆ, ಅವರ ಮನೆಯೊಳಗೇ ನೋಡಲಿ. ಸಭೆಯ ಮನೆಯಲ್ಲಿರುವ ಹಳೆಯ ಹಾರ್ಮೋನಿಯಮಿನ ಮೈಗೆ ಬಣ್ಣದ ಡಬ್ಬಿಯನ್ನು ಎರಚುವ ಮುಂಚೆ, ಅದರ ಮೂಲೆಯಲ್ಲಿ ಯಾರಾದರೂ ಹಿರಿಯರು ಬರೆದ ಹೆಸರುಂಟೋ ಎಂದು ನೋಡಿರಿ. ಅಜ್ಜಿಯ ಪೆಟ್ಟಿಗೆಯನ್ನು ಉಜ್ಜುವ ಮುಂಚೆ, ಯಾವದು ಕಲೆ, ಯಾವದು ಹುಣ್ಣು ಎಂದು ವಿಚಾರಿಸಿರಿ. ಗೆದ್ದಲು ಹತ್ತಿದ್ದರೆ ತಡಮಾಡಬೇಡಿರಿ. ಕೈಗಳು ಸವೆಸಿದ ಗುರುತಾದರೆ ಅವಸರಪಡಬೇಡಿರಿ. ಮಳೆಗಾಲಕ್ಕೆ ಮುಂಚೆ ರೇಡಿಯೋವನ್ನಾಗಲಿ ಬೇರೆ ಯಂತ್ರವನ್ನಾಗಲಿ ನೆಲದಿಂದ ಎತ್ತಿ, ಗೋಡೆಗೆ ತಾಗದಂತೆ ಗಾಳಿ ಆಡುವಲ್ಲಿ ಇಡುವದು ಖರ್ಚಿಲ್ಲದ ಲೇಪ. ಒಣಗಿದ ಸ್ಥಳಕ್ಕಿಂತ ಒಳ್ಳೇ ವಾರ್ನಿಷು ಇನ್ನೊಂದಿಲ್ಲ.

ಕಡೆಯ ಮಾತು. ಲೇಪವು ತನಗೋಸ್ಕರ ಇರುವದಲ್ಲ, ತನ್ನ ಒಳಗಿರುವದಕ್ಕೋಸ್ಕರ ಇರುವದು. ಒಳಗಿರುವದನ್ನು ಕಾಯುವ ಲೇಪವು ಎಷ್ಟು ಹೊಸದಾದರೂ ಸತ್ಯವಾದದ್ದು. ಒಳಗಿರುವದನ್ನು ಮರೆಮಾಡುವ ಲೇಪವು ಎಷ್ಟು ಹಳೆಯ ಬಣ್ಣವನ್ನು ಹೋಲಿದರೂ ಸುಳ್ಳು. ಈ ಎರಡನ್ನು ಬೇರೆಮಾಡಿ ತಿಳಿಯುವದಕ್ಕೆ ಸುಲಭವಾದ ಒಂದು ಉರೆಗಲ್ಲು ಉಂಟು. ಬಳಿದ ಮೇಲೆ ಅದರ ಪಕ್ಕದಲ್ಲಿ ಇಂದಿನ ತಾರೀಖನ್ನು ಬರೆಯುವದಕ್ಕೆ ನಮ್ಮ ಕೈ ಒಪ್ಪುವದೋ ಇಲ್ಲವೋ? ಒಪ್ಪಿದರೆ ನಿಶ್ಚಿಂತೆಯಾಗಿ ಬಳಿಯಬಹುದು. ಒಪ್ಪದಿದ್ದರೆ ಕುಂಚವನ್ನು ಕೆಳಗಿಡುವದು ಒಳ್ಳೇದು.